ಮೊಬೈಲ್ ಸ್ಟಾರ್ಟರ್ ಕೈಕೊಟ್ಟರೆ ಟವರ್ ಬೈಯುವ ಮೊದಲು ಪವರ್ ಸಪ್ಲೈ ನೋಡಿ

ಹುಳಿಯಾರು: ತೆಂಗಿನ ತೋಟದ ಮೋಟ್ರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಂಡವರ ದೂರು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಅಂಗಡಿ ಟೇಬಲ್ ಮೇಲಿಟ್ಟು ಹತ್ತು ಸಲ ಫೋನ್ ಮಾಡಿದರೆ ಹತ್ತೂ ಸಲ ರಿಲೇ ಟಕ್ ಅನ್ನುತ್ತದೆ. ಅದೇ ಪೆಟ್ಟಿಗೆಯನ್ನು ತಂದು ತೋಟದ ಮೀಟರ್ ಬೋರ್ಡಿನ ಪಕ್ಕ ಕಟ್ಟಿದರೆ ಒಂದು ರಿಂಗ್ ಆಗುತ್ತದೆ, ಆಮೇಲೆ ಸ್ವಿಚ್ಡ್ ಆಫ್ ಎಂದು ಬರುತ್ತದೆ. ಐದು ನಿಮಿಷ ಬಿಟ್ಟು ಮಾಡಿದರೆ ಮತ್ತೆ ರಿಂಗ್ ಆಗುತ್ತದೆ, ಮತ್ತೆ ಸಾಯುತ್ತದೆ.

“ಏನಪ್ಪ, ನಿನ್ನೆ ಇಲ್ಲೇ ಟೆಸ್ಟ್ ಮಾಡ್ಕೊಟ್ಟೆ. ತ್ವಾಟದಾಗೆ ಹಾಕಿದ್ರೆ ಒಂದ್ ರಿಂಗಿಗೇ ಸತ್ತೋಯ್ತದೆ” ಎಂದು ರೈತರು ಕೇಳಿದರೆ, “ನಿಮ್ ಕಡೆ ಟವರ್ ಇಲ್ಲ ಕಣಣ್ಣ, ಸಿಮ್ ಬದಲಾಯ್ಸಿ ನೋಡಿ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಸಿಮ್ ಬದಲಾಗುತ್ತದೆ, ಆಮೇಲೆ ಒಳಗಿನ ಮಾಡ್ಯೂಲ್ ಬದಲಾಗುತ್ತದೆ, ಕೊನೆಗೆ ಪೆಟ್ಟಿಗೆಯೇ ಬದಲಾಗುತ್ತದೆ. ಕಾಯಿಲೆ ಮಾತ್ರ ಹಾಗೇ ಉಳಿಯುತ್ತದೆ. ಬಹಳಷ್ಟು ಸಲ ಕೆಟ್ಟಿರುವುದು ಸಿಮ್ಮೂ ಅಲ್ಲ, ಮಾಡ್ಯೂಲೂ ಅಲ್ಲ. ಮಾಡ್ಯೂಲಿಗೆ ಕರೆಂಟ್ ಕೊಡುವ ದಾರಿ ಸಣ್ಣದಾಗಿರುತ್ತದೆ.

ಪಂಪ್‌ಸೆಟ್‌ಗೆ ಸರ್ಕಾರ ಹೇಳುವ ಲೆಕ್ಕ ದಿನಕ್ಕೆ 7 ಗಂಟೆ ತ್ರೀ ಫೇಸ್. ಅದೂ ಪಾಳಿ ಪ್ರಕಾರ, ಒಂದಷ್ಟು ಹಗಲು, ಒಂದಷ್ಟು ರಾತ್ರಿ. ರಾತ್ರಿ ಪಾಳಿಯಲ್ಲಿ ಪೆಟ್ಟಿಗೆ ಕೈಕೊಟ್ಟರೆ ಒಂದೋ ಆ ಸರದಿಯ ನೀರು ಹೋಯಿತು, ಇಲ್ಲವೇ ಬ್ಯಾಟರಿ ಹಿಡಿದುಕೊಂಡು ತೋಟಕ್ಕೆ ನಡೆಯಬೇಕು. ಹಾವು, ಕರಡಿ, ಚಿರತೆಯ ಭಯ ಇರುವ ಗುಡ್ಡದಂಚಿನ ತೋಟಗಳವರು ಮೊಬೈಲ್ ಸ್ಟಾರ್ಟರ್ ಹಾಕಿಸುವುದೇ ಆ ನಡಿಗೆ ತಪ್ಪಲಿ ಅಂತ. ಆಫ್ ಮಾಡಲು ಆಗದಿದ್ದರೆ ಇನ್ನೂ ಕಷ್ಟ. ಬೋರಿನಲ್ಲಿ ನೀರು ಇಳಿದ ಮೇಲೂ ಮೋಟ್ರು ಒಣಗಿ ಓಡಿದರೆ ರಿವೈಂಡಿಂಗ್ ಖರ್ಚಿನ ಜೊತೆಗೆ ಪೈಪು ಎತ್ತುವ ಖರ್ಚೂ ಸೇರುತ್ತದೆ.

ಪೆಟ್ಟಿಗೆ ಒಳಗೆ ಒಂದು ಮೊಬೈಲೇ ಇದೆ

ಮೊಬೈಲ್ ಸ್ಟಾರ್ಟರ್ ಬಿಚ್ಚಿದರೆ ಒಳಗೆ ಅಂಚೆ ಚೀಟಿಯಷ್ಟು ಅಗಲದ, ಮೇಲೆ ತಗಡು ಮುಚ್ಚಿದ ಒಂದು ಚೌಕದ ತುಂಡು ಕಾಣುತ್ತದೆ. ಸಿಮ್ ಕೂರುವುದು ಅದರ ಜೊತೆ. ಅದೇ ಜಿಎಸ್‌ಎಂ ಮಾಡ್ಯೂಲ್, ಅಂದರೆ ಪರದೆ ಬಟನ್ ಇಲ್ಲದ ಮೊಬೈಲ್. ಸಿಮ್‌ಕಾಂ ಕಂಪನಿಯ ಸಿಮ್ 800 ಸರಣಿ, ಕ್ವೆಕ್ಟೆಲ್ ಕಂಪನಿಯ ಮಾಡ್ಯೂಲ್‌ಗಳು ರಿಪೇರಿ ಮಾಡುವವರಿಗೆಲ್ಲ ಗೊತ್ತಿರುವಂಥವು. ಅದರ ಪಕ್ಕ ಲೆಕ್ಕ ಮಾಡುವ ಒಂದು ಚಿಪ್ಪು, ಕಾಂಟ್ಯಾಕ್ಟರ್ ಎಳೆಯಲು ಒಂದೆರಡು ರಿಲೇ, ಮತ್ತೆ ಇವೆಲ್ಲಕ್ಕೂ ಅನ್ನ ಹಾಕುವ ಪವರ್ ಸಪ್ಲೈ.

ಸಿಮ್ 800ಎಲ್ ಎಂಬ ಮಾಡ್ಯೂಲಿಗೆ ಬೇಕಿರುವುದು 3.4ರಿಂದ 4.4 ವೋಲ್ಟ್. ಅಂಗಡಿಯಲ್ಲಿ ಸಲೀಸಾಗಿ ಸಿಗುವ 5 ವೋಲ್ಟ್ ಕೊಟ್ಟರೆ ಜಾಸ್ತಿ, ಇನ್ನೊಂದು ಸಾಮಾನ್ಯ ಅಳತೆಯಾದ 3.3 ಕೊಟ್ಟರೆ ಕಮ್ಮಿ. ಈ ವಿಚಿತ್ರ ಅಳತೆ ಬಂದದ್ದು ಮೊಬೈಲ್ ಬ್ಯಾಟರಿಯಿಂದ. ಲಿಥಿಯಂ ಬ್ಯಾಟರಿ ತುಂಬಿದಾಗ 4.2 ವೋಲ್ಟ್ ಇರುತ್ತದೆ, ಬಳಸುತ್ತಾ 3.7ರ ಆಸುಪಾಸಿಗೆ ಬರುತ್ತದೆ. ಮಾಡ್ಯೂಲ್ ಹುಟ್ಟಿದ್ದೇ ಆ ಬ್ಯಾಟರಿಗೆ ಅಂಟಿಕೊಂಡು ಬದುಕಲಿಕ್ಕೆ. ನಾವು ಅದನ್ನು ತೆಗೆದು ತೋಟದ ಕರೆಂಟಿಗೆ ಕಟ್ಟುತ್ತೇವೆ. ತೊಂದರೆ ಶುರುವಾಗುವುದೇ ಇಲ್ಲಿಂದ.

ಗುಟುಕು ಗುಟುಕಾಗಿ ಕುಡಿಯುವ ಯಂತ್ರ

ಬಲ್ಬು ಒಂದೇ ಸಮ ಕರೆಂಟ್ ಎಳೆಯುತ್ತದೆ. 2ಜಿ ಮಾಡ್ಯೂಲ್ ಹಾಗಲ್ಲ. ಒಂದೇ ಫ್ರೀಕ್ವೆನ್ಸಿಯನ್ನು ಎಂಟು ಮೊಬೈಲುಗಳು ಸರದಿ ಮೇಲೆ ಹಂಚಿಕೊಳ್ಳುವ ಪದ್ಧತಿ ಜಿಎಸ್‌ಎಂನದು. 4.615 ಮಿಲಿಸೆಕೆಂಡಿಗೆ ಒಂದು ಸುತ್ತು. ಅದರಲ್ಲಿ ಒಂದು ಮೊಬೈಲಿಗೆ ಸಿಗುವ ಸರದಿ 0.577 ಮಿಲಿಸೆಕೆಂಡ್. ಕರೆ ನಡೆಯುವಾಗ ಮಾಡ್ಯೂಲ್ ಆ ಸರದಿಯಲ್ಲಿ ಮಾತ್ರ ಟವರ್ ಕಡೆಗೆ ಕೂಗುತ್ತದೆ, ಉಳಿದ ಏಳು ಸರದಿ ಬಾಯಿ ಮುಚ್ಚಿಕೊಂಡಿರುತ್ತದೆ. ಸೆಕೆಂಡಿಗೆ ಸುಮಾರು 217 ಸಲ ಹೀಗಾಗುತ್ತದೆ. ರೇಡಿಯೋ ಪಕ್ಕ ಹಳೇ ಮೊಬೈಲ್ ಇಟ್ಟಾಗ ಕರೆ ಬರುವ ಮುಂಚೆ ಟ್ರ್‌ರ್ ಟ್ರ್‌ರ್ ಎಂದು ಕೇಳುತ್ತಿತ್ತಲ್ಲ, ಆ ಸದ್ದು ಇದೇ ಗುಟುಕುಗಳದ್ದು.

ಆ ಒಂದೊಂದು ಗುಟುಕಿನಲ್ಲಿ ಮಾಡ್ಯೂಲ್ ಎಳೆಯುವುದು 2 ಆಂಪ್‌ವರೆಗೆ. ಸಿಮ್ 800ರ ಕಂಪನಿ ಕಾಗದದಲ್ಲೇ ಈ ಅಂಕಿ ಇದೆ. ಆದರೆ ಎಂಟರಲ್ಲಿ ಒಂದು ಪಾಲು ಹೊತ್ತು ಮಾತ್ರ ಎಳೆಯುವುದರಿಂದ ಸರಾಸರಿ ನೋಡಿದರೆ ಅದು ಕಾಲು ಆಂಪ್, ಅಂದರೆ 250 ಮಿಲಿ ಆಂಪ್ ಆಗುತ್ತದೆ. ಮೇಸ್ತ್ರಿಗಳು ಮೋಸ ಹೋಗುವುದು ಈ ಸರಾಸರಿ ನೋಡಿ. ಮಲ್ಟಿಮೀಟರ್ ಹಿಡಿದರೆ ಅದು 250ರಿಂದ 300 ತೋರಿಸುತ್ತದೆ. “500 ಮಿಲಿ ಆಂಪ್ ಅಡಾಪ್ಟರ್ ಧಾರಾಳ ಆಯ್ತಲ್ಲ” ಎನಿಸುತ್ತದೆ. ವೋಲ್ಟೇಜ್ ನೋಡಿದರೂ ಮೀಟರಿನಲ್ಲಿ ಅಚ್ಚುಕಟ್ಟಾಗಿ 4.0 ನಿಂತಿರುತ್ತದೆ. ಅರ್ಧ ಮಿಲಿಸೆಕೆಂಡಿನ ಕುಸಿತ ಕಾಣುವಷ್ಟು ಚುರುಕು ಆ ಮೀಟರಿಗೆ ಇಲ್ಲ. ಅದನ್ನು ನೋಡಲು ಆಸಿಲೋಸ್ಕೋಪ್ ಬೇಕು, ಅದು ಹಳ್ಳಿ ಕಡೆಯ ರಿಪೇರಿ ಅಂಗಡಿಯಲ್ಲಿ ಇರುವ ಸಾಮಾನಲ್ಲ.

ಮಾಡ್ಯೂಲಿಗೆ ಮಾತ್ರ ಆ ಕುಸಿತ ಸರಿಯಾಗಿ ಕಾಣುತ್ತದೆ. ವೋಲ್ಟೇಜ್ 3.4ಕ್ಕಿಂತ ಕೆಳಗೆ ಬಿದ್ದರೆ ಅದು ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತದೆ. ಸುಮ್ಮನೆ ಕೂತಿದ್ದಾಗ ಚೆನ್ನಾಗಿರುವ ಪೆಟ್ಟಿಗೆ ಫೋನ್ ಮಾಡಿದ ತಕ್ಷಣ ಸಾಯುವುದು ಇದಕ್ಕೇ.

ತೋಟದಲ್ಲೇ ಯಾಕೆ?

ಅಂಗಡಿಯಲ್ಲಿ ಓಡಿದ್ದು ತೋಟದಲ್ಲಿ ಯಾಕೆ ಓಡುವುದಿಲ್ಲ ಎಂಬುದಕ್ಕೆ ಅರ್ಧ ಉತ್ತರ ಟವರಿನಲ್ಲೇ ಇದೆ. “ಟವರ್ ಇಲ್ಲ” ಎಂದ ರಿಪೇರಿಯವರ ಮಾತು ಪೂರ್ತಿ ಸುಳ್ಳಲ್ಲ.

ಎಷ್ಟು ಜೋರಾಗಿ ಕೂಗಬೇಕು ಎಂದು ಮಾಡ್ಯೂಲಿಗೆ ಟವರೇ ಹೇಳುತ್ತದೆ. ಟವರ್ ಹತ್ತಿರ ಇದ್ದರೆ ಪಿಸುಮಾತು ಸಾಕು, ಕೆಲವೇ ಮಿಲಿವ್ಯಾಟ್. ದೂರ ಹೋದಂತೆ ದನಿ ಏರಿಸಬೇಕು. 900 ಮೆಗಾಹರ್ಟ್ಸ್‌ನಲ್ಲಿ ಅದು 2 ವ್ಯಾಟ್‌ವರೆಗೆ ಏರುತ್ತದೆ. ಹುಳಿಯಾರು ಪೇಟೆಯೊಳಗೆ ಟೆಸ್ಟ್ ಮಾಡಿದಾಗ ಮಾಡ್ಯೂಲ್ ಪಿಸುಗುಟ್ಟಿಯೇ ಕೆಲಸ ಮುಗಿಸಿರುತ್ತದೆ, ಸಣ್ಣ ಅಡಾಪ್ಟರೂ ಅದನ್ನು ಸಾಕುತ್ತದೆ. ದಸೂಡಿ ಕಡೆಯೋ ಕಂದಿಕೆರೆ ಕಡೆಯೋ ಗುಡ್ಡದ ಮರೆಯ ತೋಟಕ್ಕೆ ಹೋದಾಗ ಅದೇ ಮಾಡ್ಯೂಲ್ ಗಂಟಲು ಹರಿಯುವಂತೆ ಕೂಗಬೇಕಾಗುತ್ತದೆ. ಆಗಲೇ ಪೂರ್ತಿ 2 ಆಂಪ್ ಬೇಕಾಗುವುದು. ಸಿಗ್ನಲ್ ಕಮ್ಮಿ ಇರುವ ಕಡೆ ಪವರ್ ಸಪ್ಲೈ ಹೆಚ್ಚು ಗಟ್ಟಿ ಇರಬೇಕು ಎಂಬ ಈ ಸಂಬಂಧ ಗೊತ್ತಿಲ್ಲದೆ ಎಷ್ಟೋ ಮಾಡ್ಯೂಲ್‌ಗಳು ವಿನಾಕಾರಣ ಕಸದ ಬುಟ್ಟಿ ಸೇರಿವೆ.

ಜೊತೆಗೆ ಆಂಟೆನಾ. ಮಾಡ್ಯೂಲನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು, ಸುರುಳಿ ತಂತಿಯ ಪುಟ್ಟ ಆಂಟೆನಾವನ್ನೂ ಅದರೊಳಗೇ ಮಡಚಿ ಬಾಗಿಲು ಹಾಕುವುದು ಸಾಮಾನ್ಯ. ತಗಡು ರೇಡಿಯೋ ಅಲೆಯನ್ನು ತಡೆಯುತ್ತದೆ. ಬಾಗಿಲು ತೆಗೆದಾಗ ಕೆಲಸ ಮಾಡಿ ಹಾಕಿದಾಗ ಕೈಕೊಡುವ ಪೆಟ್ಟಿಗೆ ಇದ್ದರೆ ಕಾರಣ ಅಲ್ಲೇ ಗೊತ್ತಾಯಿತು. ಮ್ಯಾಗ್ನೆಟ್ ಬುಡದ ಆಂಟೆನಾ ತಂದು ಪೆಟ್ಟಿಗೆ ಹೊರಗೆ, ಆದಷ್ಟು ಎತ್ತರಕ್ಕೆ ಇಟ್ಟರೆ ಮಾಡ್ಯೂಲ್ ಅಷ್ಟು ಜೋರಾಗಿ ಕೂಗುವ ಅಗತ್ಯವಿಲ್ಲ, ಕರೆಂಟಿನ ಗುಟುಕೂ ಸಣ್ಣದಾಗುತ್ತದೆ.

ತೊಟ್ಟಿ ಕಟ್ಟಿದ ಹಾಗೆ

ಬೋರಿನಲ್ಲಿ ಒಂದಿಂಚು ನೀರು ಬರುತ್ತಿದ್ದರೆ ಅದನ್ನು ನೇರ ಗಿಡಕ್ಕೆ ಬಿಟ್ಟರೆ ಕಾಲುವೆ ಮಧ್ಯದಲ್ಲೇ ಇಂಗಿಹೋಗುತ್ತದೆ ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅದಕ್ಕೇ ತೊಟ್ಟಿ ಕಟ್ಟುತ್ತೇವೆ. ಸಣ್ಣಗೆ ತುಂಬುತ್ತಿರಲಿ, ಬೇಕಾದಾಗ ತೂಬು ತೆಗೆದು ಒಮ್ಮೆಲೇ ಹರಿಸೋಣ ಅಂತ. ಪವರ್ ಸಪ್ಲೈನಲ್ಲಿ ಆ ತೊಟ್ಟಿಯ ಕೆಲಸ ಮಾಡುವುದು ಕೆಪಾಸಿಟರ್. ಅಡಾಪ್ಟರ್ ಸಣ್ಣಗೆ ತುಂಬುತ್ತದೆ, ಮಾಡ್ಯೂಲ್ ಗುಟುಕು ಎಳೆದಾಗ ಕೆಪಾಸಿಟರ್ ಕೊಡುತ್ತದೆ.

ತೊಟ್ಟಿ ಎಷ್ಟು ದೊಡ್ಡದಿರಬೇಕು? ಲೆಕ್ಕ ಸುಲಭ. ಆಂಪನ್ನು ಸಮಯದಿಂದ ಗುಣಿಸಿ ಕೆಪಾಸಿಟರಿನ ಅಳತೆಯಿಂದ ಭಾಗಿಸಿದರೆ ವೋಲ್ಟೇಜ್ ಎಷ್ಟು ಇಳಿಯುತ್ತದೆ ಎಂದು ಬರುತ್ತದೆ. ಅಡಾಪ್ಟರ್ ಏನೂ ಕೊಡದೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದೇ 2 ಆಂಪಿನ ಹೊರೆ ಹೊತ್ತರೆ ಒಂದು ಗುಟುಕಿಗೆ 1.15 ವೋಲ್ಟ್ ಇಳಿತ. 4.0 ಇದ್ದದ್ದು 2.85 ಆಗುತ್ತದೆ, ಮಾಡ್ಯೂಲ್ ಸತ್ತಂತೆಯೇ. ಅಡಾಪ್ಟರ್ 1 ಆಂಪ್ ಕೊಟ್ಟು ಉಳಿದ 1 ಆಂಪ್ ಕೆಪಾಸಿಟರ್ ಕೊಟ್ಟರೆ ಇಳಿತ 0.58 ವೋಲ್ಟ್, ಅಂದರೆ 3.42ಕ್ಕೆ ಬಂದು ನಿಲ್ಲುತ್ತದೆ. ಅಂಚಿನ ಮೇಲೆ ನಿಂತ ಬದುಕು ಅದು, ಒಂದು ದಿನ ನಡೆಯುತ್ತದೆ ಒಂದು ದಿನ ಇಲ್ಲ. ಕೆಪಾಸಿಟರನ್ನು 2200ಕ್ಕೆ ಏರಿಸಿದರೆ ಇಳಿತ 0.26 ಮಾತ್ರ, ವೋಲ್ಟೇಜ್ 3.7ರ ಮೇಲೇ ಉಳಿಯುತ್ತದೆ. ಮುಂದಿನ ಸರದಿ ಬರುವ 4 ಮಿಲಿಸೆಕೆಂಡಿನೊಳಗೆ ತೊಟ್ಟಿ ಮತ್ತೆ ತುಂಬಿರುತ್ತದೆ. ಒಂದು ಎಳನೀರಿನ ಬೆಲೆಯ ಆಸುಪಾಸಿನ ಸಾಮಾನು ಇದು.

ಆದರೆ ತೊಟ್ಟಿ ದೊಡ್ಡದಿದ್ದು ತೂಬು ಕಟ್ಟಿಕೊಂಡಿದ್ದರೆ ಏನು ಬಂತು? ಪ್ರತಿ ಕೆಪಾಸಿಟರಿಗೂ ಒಳಗೇ ಒಂದಿಷ್ಟು ತಡೆ ಇರುತ್ತದೆ, ರಿಪೇರಿ ಭಾಷೆಯಲ್ಲಿ ಇಎಸ್‌ಆರ್. ಹಳೇ ಟಿವಿ ಬೋರ್ಡಿನಿಂದ ಕಿತ್ತ ಕೆಪಾಸಿಟರಿನಲ್ಲಿ ಅದು 0.3 ಓಮ್ ಇದ್ದರೆ 1 ಆಂಪ್ ಹರಿದ ಕೂಡಲೇ 0.3 ವೋಲ್ಟ್ ಅಲ್ಲೇ ಹೋಯಿತು. ಹಾಗಾಗಿ ಕಿತ್ತ ಮಾಲು ಬೇಡ, ಲೋ ಇಎಸ್‌ಆರ್ ಎಂದು ಕೇಳಿ ಹೊಸದು ತರಬೇಕು. ಅದರ ಮೇಲೆ 105 ಡಿಗ್ರಿ ಎಂದು ಬರೆದಿರಬೇಕು, 85 ಅಲ್ಲ. ಏಪ್ರಿಲ್ ಬಿಸಿಲಿಗೆ ತಗಡಿನ ಪೆಟ್ಟಿಗೆ ಒಳಗೆ ಕೈ ಇಡಲಾಗುವುದಿಲ್ಲ. ಶಾಖ 10 ಡಿಗ್ರಿ ಏರಿದರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯುಸ್ಸು ಸುಮಾರು ಅರ್ಧ ಆಗುತ್ತದೆ. ಎರಡು ವರ್ಷ ಚೆನ್ನಾಗಿದ್ದ ಪೆಟ್ಟಿಗೆ ಮೂರನೇ ಬೇಸಿಗೆಯಲ್ಲಿ ಕೈಕೊಡುವುದರ ಹಿಂದೆ ಹೀಗೆ ಒಣಗಿದ ಕೆಪಾಸಿಟರ್ ಇರುವುದು ಹೆಚ್ಚು. ತಲೆ ಉಬ್ಬಿದ್ದರೆ ಕಣ್ಣಿಗೇ ಕಾಣುತ್ತದೆ, ಕೆಲವು ಸಲ ಉಬ್ಬದೆಯೂ ಒಳಗೆ ಒಣಗಿರುತ್ತದೆ.

ತೊಟ್ಟಿ ಎಲ್ಲಿರಬೇಕು ಎಂಬುದೂ ಮುಖ್ಯ. ಕೆಪಾಸಿಟರ್ ಪೆಟ್ಟಿಗೆಯ ಆ ಮೂಲೆಯಲ್ಲಿದ್ದು ಕೂದಲೆಳೆಯಂಥ ಜಂಪರ್ ವೈರಿನಲ್ಲಿ ಮಾಡ್ಯೂಲಿಗೆ ಬಂದರೆ ಪ್ರಯೋಜನವಿಲ್ಲ. ಹೋಗಿ ಬರುವ ವೈರು, ಪಿನ್ನು, ಸಡಿಲ ಕನೆಕ್ಟರ್ ಎಲ್ಲ ಸೇರಿ 0.2 ಓಮ್ ತಡೆ ಇದ್ದರೂ 2 ಆಂಪಿಗೆ 0.4 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. ಕೆಪಾಸಿಟರ್ ಮಾಡ್ಯೂಲಿನ ಪವರ್ ಪಿನ್ನಿನ ಬುಡದಲ್ಲೇ ಇರಬೇಕು, ವೈರು ಗಿಡ್ಡ ಇರಬೇಕು, ದಪ್ಪ ಇರಬೇಕು, ಪಿನ್ ಚುಚ್ಚುವ ಬದಲು ಬೆಸುಗೆ ಹಾಕಿರಬೇಕು. ಗ್ರೌಂಡ್ ವೈರಿಗೂ ಇದೇ ಮಾತು, ಪ್ಲಸ್ ಮಾತ್ರ ದಪ್ಪ ಮಾಡಿ ಗ್ರೌಂಡ್ ಮರೆಯುವವರು ಬಹಳ. ದೊಡ್ಡ ಕೆಪಾಸಿಟರಿನ ಪಕ್ಕದಲ್ಲಿ 0.1 ಮೈಕ್ರೋಫ್ಯಾರಡಿನ ಸಣ್ಣ ಸೆರಾಮಿಕ್ ಒಂದಿದ್ದರೆ ಇನ್ನೂ ಒಳ್ಳೆಯದು. ದೊಡ್ಡದರ ಕೈಗೆ ಸಿಗದ ಚುರುಕು ಅಲುಗಾಟವನ್ನು ಅದು ಹಿಡಿಯುತ್ತದೆ.

5 ವೋಲ್ಟಿಗೆ ಒಂದು ಡಯೋಡ್ ಹಾಕಿ 4.2 ಮಾಡಿಕೊಳ್ಳುವ ಉಪಾಯ ರಿಪೇರಿ ಟೇಬಲ್‌ಗಳಲ್ಲಿ ಬಹಳ ಚಾಲ್ತಿ. 7805 ಚಿಪ್ಪಿನ ಮುಂದೆ 4007 ಡಯೋಡ್. ಟೇಬಲ್ ಮೇಲೆ ಇದು ನಡೆಯುತ್ತದೆ. ಆದರೆ 4007 ಡಯೋಡ್ 1 ಆಂಪಿನದು, 7805 ಕೂಡ ಹೆಚ್ಚೆಂದರೆ 1ರಿಂದ 1.5 ಆಂಪಿನದು. ತೋಟಕ್ಕೆ ಹೋದ ಮೇಲೆ ಈ ಜೋಡಿ ತಡೆಯುವುದಿಲ್ಲ. 12 ವೋಲ್ಟಿನಿಂದ ಇಳಿಸಲು 3 ಆಂಪಿನ ಎಲ್‌ಎಂ 2596 ಸ್ಟೆಪ್ ಡೌನ್, 5 ವೋಲ್ಟಿನಿಂದ ಇಳಿಸಲು 3 ಆಂಪಿನ ಎಂಐಸಿ 29302 ರೆಗ್ಯುಲೇಟರ್ ಸರಿಯಾದ ದಾರಿ. ಮಾಡ್ಯೂಲ್ ಕಂಪನಿಯ ಕಾಗದದಲ್ಲೂ ಇವನ್ನೇ ಬರೆದು ತೋರಿಸಿದ್ದಾರೆ. ಎಲ್‌ಎಂ 2596 ಬೋರ್ಡಿನಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ, ಮಾಡ್ಯೂಲ್ ಜೋಡಿಸುವ ಮೊದಲೇ ಅದನ್ನು ತಿರುಗಿಸಿ 4.0ರಿಂದ 4.1ಕ್ಕೆ ನಿಲ್ಲಿಸಿ, ಮೇಲೊಂದು ಹನಿ ನೈಲ್ ಪಾಲಿಶ್ ಹಾಕಿದರೆ ಅಲುಗಾಟಕ್ಕೆ ತಿರುಗುವುದಿಲ್ಲ. ಅಗ್ಗದ ನಕಲಿ ಬೋರ್ಡುಗಳು ಹೇಳಿದ 3 ಆಂಪ್ ಕೊಡುವುದಿಲ್ಲ, ಅದಕ್ಕೆ ಕೆಪಾಸಿಟರಿನಲ್ಲಿ ಜಿಪುಣತನ ಬೇಡ. ಇದರ ಹಿಂದೆ 12 ವೋಲ್ಟ್ 2 ಆಂಪಿನ ಎಸ್‌ಎಂಪಿಎಸ್ ಇದ್ದರೆ ರಿಲೇಗೂ ಆಯಿತು, ಮಾಡ್ಯೂಲಿಗೂ ಆಯಿತು.

ಮೋಟ್ರು ಆನ್ ಆಗಿ ಕೂಡಲೇ ಆಫ್

ಇನ್ನೊಂದು ಜಾತಿಯ ದೂರಿದೆ. ಕರೆ ಹೋಗುತ್ತದೆ, ಮೋಟ್ರು ಗುರ್ ಅನ್ನುತ್ತದೆ, ಎರಡೇ ಸೆಕೆಂಡಿಗೆ ಕಾಂಟ್ಯಾಕ್ಟರ್ ಬಿಟ್ಟುಬಿಡುತ್ತದೆ. ಮತ್ತೆ ಫೋನ್ ಮಾಡಿದರೆ ಮತ್ತೆ ಅದೇ ಕಥೆ.

ಇಲ್ಲಿ ನಡೆಯುವುದನ್ನು ಸರಪಳಿ ಹಾಗೆ ನೋಡಬೇಕು. ನೇರ ಸ್ಟಾರ್ಟರಿನಲ್ಲಿ ಮೋಟ್ರು ಹೊರಡುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. 5 ಎಚ್‌ಪಿ ಮೋಟ್ರಿಗೆ ಓಡುವಾಗ 7–8 ಆಂಪ್ ಬೇಕಿದ್ದರೆ ಹೊರಡುವಾಗ 40ರ ಮೇಲೆ. ಟ್ರಾನ್ಸ್‌ಫಾರ್ಮರಿನಿಂದ ದೂರ, ಲೈನಿನ ಕೊನೆಯಲ್ಲಿರುವ ತೋಟವಾದರೆ ಆ ಕ್ಷಣ ವೋಲ್ಟೇಜ್ ಕುಸಿಯುತ್ತದೆ. ಅದೇ ಕ್ಷಣದಲ್ಲಿ ಮಾಡ್ಯೂಲ್ ಕರೆಯಲ್ಲಿದ್ದು ಗುಟುಕು ಎಳೆಯುತ್ತಿದೆ, ರಿಲೇ ಬೇರೆ ಎಳೆಯುತ್ತಿದೆ. ಹಿಂದಿನ ಸಪ್ಲೈ ಸೋತರೆ ಚಿಪ್ಪು ರೀಸೆಟ್ ಆಗುತ್ತದೆ, ರಿಲೇ ಬಿಡುತ್ತದೆ, ಮೋಟ್ರು ನಿಲ್ಲುತ್ತದೆ. ಮೋಟ್ರಿನ ದೋಷ ಎಂದು ಮೇಲೆತ್ತಿಸಿದವರಿಗೆ ಆ ಖರ್ಚು ದಂಡ.

ಪೆಟ್ಟಿಗೆಯಲ್ಲಿ ಹಳೇ ಮಾದರಿಯ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇದ್ದರೆ ಕುಸಿತ ನೇರ ಒಳಗೇ ಇಳಿಯುತ್ತದೆ. 230ಕ್ಕೆ 9 ವೋಲ್ಟ್ ಕೊಡುವ ಟ್ರಾನ್ಸ್‌ಫಾರ್ಮರ್ ಲೈನಿನಲ್ಲಿ 160 ಇದ್ದಾಗ ಕೊಡುವುದು 6.3 ಅಷ್ಟೇ. ಡಯೋಡ್ ದಾಟಿ ಕೆಪಾಸಿಟರಿಗೆ ಬರುವ ಹೊತ್ತಿಗೆ ತುದಿಯಲ್ಲಿ 7.4 ಉಳಿಯುತ್ತದೆ. 7805 ಚಿಪ್ಪಿಗೆ ಕನಿಷ್ಠ 7 ಬೇಕು. ಗುಟುಕು ಬಿದ್ದಾಗ ಅದೂ ಇಲ್ಲ. 100ರಿಂದ 240ರವರೆಗೆ ಓಡುವ ಎಸ್‌ಎಂಪಿಎಸ್ ಇಂಥ ಲೈನಿಗೆ ಹೇಳಿಮಾಡಿಸಿದ್ದು.

ಆದರೆ ಎಚ್ಚರ. ತೋಟದ ಸ್ಟಾರ್ಟರ್ ಬಾಕ್ಸಿಗೆ ಬಹಳ ಕಡೆ ಬರುವುದು ಮೂರು ಫೇಸ್ ಮಾತ್ರ, ನ್ಯೂಟ್ರಲ್ ಇರುವುದಿಲ್ಲ. ಎರಡು ಫೇಸಿನ ನಡುವೆ ಇರುವುದು 415 ವೋಲ್ಟ್. ಮನೆಯ ಮೊಬೈಲ್ ಚಾರ್ಜರನ್ನೋ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರನ್ನೋ ತಂದು ಎರಡು ಫೇಸಿಗೆ ಕಟ್ಟಿದರೆ ಢಂ ಅನ್ನುತ್ತದೆ. ಮೊದಲೇ 415ಕ್ಕೆ ಎಂದು ಮಾಡಿದ ಸಪ್ಲೈ ಇರಬೇಕು, ಇಲ್ಲವೇ 415ರಿಂದ ಇಳಿಸುವ ಟ್ರಾನ್ಸ್‌ಫಾರ್ಮರ್ ಇರಬೇಕು. ಈ ಭಾಗಕ್ಕೆ ಕೈ ಹಾಕುವ ಕೆಲಸ ಲೈಸೆನ್ಸ್ ಇರುವ ವೈರ್‌ಮನ್‌ದು. ಫ್ಯೂಸ್ ಕಿತ್ತ ಮೇಲೂ ಒಮ್ಮೆ ಟೆಸ್ಟರ್ ಹಿಡಿದು ನೋಡಿಯೇ ಮುಟ್ಟಬೇಕು.

ರಿಲೇ ಮತ್ತು ಕಾಂಟ್ಯಾಕ್ಟರಿನ ಕಾಯಿಲ್ ಬಿಡುವಾಗ ಹಿಂದಕ್ಕೆ ಒಂದು ಒದೆ ಕೊಡುತ್ತವೆ. ಸಣ್ಣ ರಿಲೇ ಕಾಯಿಲಿಗೆ ಅಡ್ಡಲಾಗಿ ಉಲ್ಟಾ ಒಂದು ಡಯೋಡ್, ಕಾಂಟ್ಯಾಕ್ಟರ್ ಕಾಯಿಲಿಗೆ ಅಡ್ಡಲಾಗಿ ರೆಸಿಸ್ಟರ್-ಕೆಪಾಸಿಟರ್ ಜೋಡಿ ಹಾಕಿದರೆ ಆ ಒದೆ ಮಾಡ್ಯೂಲ್‌ವರೆಗೆ ಬರುವುದಿಲ್ಲ. ಆಫ್ ಮಾಡಿದ ತಕ್ಷಣ ಹ್ಯಾಂಗ್ ಆಗುವ ಪೆಟ್ಟಿಗೆಯಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ಬ್ಯಾಟರಿ ಇದ್ದರೆ ಅರ್ಧ ರೋಗ ವಾಸಿ

ಪುಣೆಯ ಸಂತೋಷ್ ಓಸ್ತವಾಲ್ ಅವರು ರೂಪಿಸಿದ ‘ನ್ಯಾನೋ ಗಣೇಶ್’ ಎಂಬ ಮೊಬೈಲ್ ಪಂಪ್ ನಿಯಂತ್ರಕ 2009ರಲ್ಲಿ ನೋಕಿಯಾ ಕಂಪನಿಯ ಸ್ಪರ್ಧೆಯಲ್ಲಿ ಪ್ರಶಸ್ತಿ ಪಡೆದಿತ್ತು. ಆಗಿನ ಮಾದರಿಗಳಲ್ಲಿ ಒಂದು ಸಾದಾ ಮೊಬೈಲ್ ಹ್ಯಾಂಡ್‌ಸೆಟ್ಟನ್ನೇ ಪೆಟ್ಟಿಗೆಗೆ ಜೋಡಿಸುವ ಪದ್ಧತಿ ಇತ್ತು. ಹ್ಯಾಂಡ್‌ಸೆಟ್ಟಿಗೆ ಅದರದ್ದೇ ಬ್ಯಾಟರಿ ಇರುತ್ತದೆ, ಗುಟುಕಿನ ಹೊರೆಯನ್ನು ಅದು ಹೊರುತ್ತದೆ. ಬರೀ ಮಾಡ್ಯೂಲ್ ಬಳಸಿ ಪೆಟ್ಟಿಗೆ ಅಗ್ಗ ಮಾಡಲು ಹೊರಟಾಗ ಕೈಬಿಟ್ಟದ್ದು ಆ ಬ್ಯಾಟರಿಯನ್ನೇ.

ಒಂದು ಒಳ್ಳೆಯ 18650 ಲಿಥಿಯಂ ಸೆಲ್ಲಿಗೆ 2 ಆಂಪಿನ ಗುಟುಕು ಲೆಕ್ಕಕ್ಕೇ ಇಲ್ಲ. ವೋಲ್ಟೇಜೂ ಮಾಡ್ಯೂಲಿಗೆ ಸರಿಹೊಂದುತ್ತದೆ. ಕರೆಂಟ್ ಹೋದಾಗಲೂ ಮಾಡ್ಯೂಲ್ ಎಚ್ಚರ ಇರುವುದರಿಂದ “ಕರೆಂಟ್ ಹೋಯ್ತು”, “ತ್ರೀ ಫೇಸ್ ಬಂತು” ಎಂಬ ಎಸ್‌ಎಂಎಸ್ ಬರುವುದು ಬ್ಯಾಟರಿ ಇರುವ ಪೆಟ್ಟಿಗೆಯಿಂದ ಮಾತ್ರ. ಆದರೆ ಲಿಥಿಯಂ ಸೆಲ್ಲನ್ನು 45 ಡಿಗ್ರಿ ಮೀರಿದ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ಬಿಸಿಲಿಗೆ ಮುಖ ಮಾಡಿದ ತಗಡಿನ ಪೆಟ್ಟಿಗೆಗೆ ನೆರಳು ಬೇಕೇ ಬೇಕು. ಒಂದು ಸೋಗೆ ಮರೆ ಮಾಡಿದರೂ ನಡೆಯುತ್ತದೆ, ಗಾಳಿಯಾಡಬೇಕು ಅಷ್ಟೇ. ರಕ್ಷಣೆಯ ಸರ್ಕ್ಯೂಟ್ ಇಲ್ಲದ, ಹಳೇ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ ಹಾಕುವವರೂ ಇದ್ದಾರೆ. ಒಣಗಿದ ಗರಿ, ಮಟ್ಟೆ ಬಿದ್ದಿರುವ ತೋಟದಲ್ಲಿ ಆ ಉಳಿತಾಯ ಬೇಡ.

ಅಂಗಡಿ ಗಲ್ಲಾದ ಮೇಲಿನ ಸ್ಪೀಕರೂ ಇದೇ ಜಾತಿ

ದುಡ್ಡು ಬಂತು ಎಂದು ಕೂಗುವ ಕ್ಯೂಆರ್ ಸ್ಪೀಕರ್ ಪೆಟ್ಟಿಗೆ ಈಗ ಬೀಡಿ ಅಂಗಡಿಯಲ್ಲೂ ಇದೆ. ಅದರೊಳಗೂ ಒಂದು ಸಿಮ್ಮು, ಒಂದು ರೇಡಿಯೋ ಮಾಡ್ಯೂಲ್, ಒಂದು ಸಣ್ಣ ಲಿಥಿಯಂ ಬ್ಯಾಟರಿ. ಈಗಿನವು ಹೆಚ್ಚಾಗಿ 4ಜಿ, 2ಜಿಯಷ್ಟು ದೊಡ್ಡ ಗುಟುಕು ಅವಕ್ಕೆ ಬೇಡ. ಆದರೂ ಬ್ಯಾಟರಿ ಹಳತಾದಾಗ ಸ್ಪೀಕರ್ ಜೋರಾಗಿ ಕೂಗುವುದೂ ಮಾಡ್ಯೂಲ್ ಟವರಿನ ಜೊತೆ ಮಾತಾಡುವುದೂ ಒಂದೇ ಕ್ಷಣಕ್ಕೆ ಬಿದ್ದರೆ ಪೆಟ್ಟಿಗೆ ಆಫ್ ಆಗಿ ಆನ್ ಆಗುತ್ತದೆ. ಸಂಜೆ ಜನ ಮುತ್ತಿಕೊಂಡಾಗ ಪೆಟ್ಟಿಗೆ ಸುಮ್ಮನಾದರೆ, ಗಿರಾಕಿ ತೋರಿಸಿದ ಸ್ಕ್ರೀನನ್ನು ನಂಬಿ ಸಾಮಾನು ಕೊಡಬೇಕಾಗುತ್ತದೆ. ಸುಳ್ಳು ಸ್ಕ್ರೀನ್ ತೋರಿಸುವವರಿಗೆ ಬೇಕಾದ್ದೂ ಅದೇ.

ಇಲ್ಲಿ ಮೊದಲ ಅನುಮಾನ ಚಾರ್ಜಿಂಗ್ ವೈರಿನ ಮೇಲೆ ಇರಲಿ. ಒಂದು ಮೀಟರಿನ ಅಗ್ಗದ ವೈರಿನೊಳಗೆ 28 ಗೇಜಿನ ಎಳೆ ಇದ್ದರೆ ಹೋಗಿಬರುವ ದಾರಿಗೆ 0.43 ಓಮ್ ತಡೆ. 1 ಆಂಪಿಗೆ ಹೆಚ್ಚುಕಮ್ಮಿ ಅರ್ಧ ವೋಲ್ಟ್ ಅಲ್ಲೇ ನಷ್ಟ. ಬ್ಯಾಟರಿ ದಿನವಿಡೀ ಸಿಕ್ಕಿಸಿದ್ದರೂ ಸರಿಯಾಗಿ ತುಂಬುವುದಿಲ್ಲ. ದಪ್ಪನೆಯ ಗಿಡ್ಡ ವೈರು, ಒಳ್ಳೆಯ ಚಾರ್ಜರ್ ಹಾಕಿ ಒಂದು ರಾತ್ರಿ ಬಿಟ್ಟು ನೋಡಬೇಕು. ಆಮೇಲೂ ಹಾಗೇ ಆದರೆ ಬ್ಯಾಟರಿ ಹೋಗಿದೆ. ಪೆಟ್ಟಿಗೆ ಉಬ್ಬಿದ್ದರೆ ಅವತ್ತೇ ಪಕ್ಕಕ್ಕಿಡಬೇಕು. ಈ ಪೆಟ್ಟಿಗೆಗಳನ್ನು ಬಿಚ್ಚುವುದು ಬೇಡ, ಕೊಟ್ಟ ಕಂಪನಿಯವರಿಂದಲೇ ಬದಲಾಯಿಸಿಕೊಳ್ಳುವುದು ಸರಿ.

ವೈಫೈ ಮೇಲೆ ನಡೆಯುವ ಸ್ವಿಚ್ಚುಗಳು, ತೇವಾಂಶ ಅಳೆದು ಕಳಿಸುವ ಲೋರಾ ಮಾಡ್ಯೂಲ್‌ಗಳು ಇನ್ನೂ ನಮ್ಮ ಕಡೆ ಕಮ್ಮಿ, ಕಾಲೇಜು ಹುಡುಗರ ಪ್ರಾಜೆಕ್ಟಿನಲ್ಲಿ ಕಾಣುತ್ತವೆ. ಅವಕ್ಕೆ 3.3 ವೋಲ್ಟ್. ಇಎಸ್‌ಪಿ 8266 ವೈಫೈ ಚಿಪ್ಪಿಗೆ 500 ಮಿಲಿ ಆಂಪ್ ಕೊಡಬಲ್ಲ ಸಪ್ಲೈ ಇಡಬೇಕು. ಲೋರಾ 100 ಚಿಲ್ಲರೆ ಮಿಲಿ ಆಂಪಿನಲ್ಲಿ ಮುಗಿಸುತ್ತದೆ, ಆದರೆ ಗಡಿಯಾರದ ಗುಂಡಿ ಸೆಲ್ಲಿಗೆ ಅದೂ ಆಗದು. ನಮ್ಮ ದೇಶದಲ್ಲಿ ಲೋರಾಗೆ ಲೈಸೆನ್ಸ್ ಇಲ್ಲದೆ ಬಳಸಬಹುದಾದ ಪಟ್ಟಿ 865ರಿಂದ 868 ಮೆಗಾಹರ್ಟ್ಸ್, ಆನ್‌ಲೈನಿನಲ್ಲಿ ತರಿಸುವಾಗ ಅದನ್ನು ನೋಡಿ ತರಿಸಬೇಕು.

ಬದಲಾಯಿಸುವ ಮೊದಲು ಹೀಗೆ ನೋಡಿ

ಸಿಮ್ 800 ಮಾಡ್ಯೂಲಿನ ಮೇಲೆ ಮಿಣುಕುವ ಒಂದು ದೀಪ ಇರುತ್ತದೆ. ಸೆಕೆಂಡಿಗೊಮ್ಮೆ ಬೇಗ ಬೇಗ ಮಿಣುಕಿದರೆ ನೆಟ್‌ವರ್ಕ್ ಹುಡುಕುತ್ತಿದೆ ಎಂದರ್ಥ. ಮೂರು ಸೆಕೆಂಡಿಗೊಮ್ಮೆ ಮಿಣುಕಿದರೆ ನೆಟ್‌ವರ್ಕ್ ಸಿಕ್ಕಿದೆ. ಎಷ್ಟು ಹೊತ್ತಾದರೂ ಬೇಗ ಬೇಗ ಮಿಣುಕುತ್ತಲೇ ಇದ್ದರೆ ಸಿಮ್ಮು, ಆಂಟೆನಾ, ಟವರ್ ಕಡೆ ನೋಡಿ. ಜಿಯೋ ಸಿಮ್ ಹಾಕಿದ್ದರೆ ಮೊದಲು ತೆಗೆಯಿರಿ, ಜಿಯೋಗೆ 2ಜಿ ಇಲ್ಲ, ಈ ಮಾಡ್ಯೂಲಿಗೆ 2ಜಿ ಬಿಟ್ಟು ಬೇರೆ ಬಾರದು. ನಿಧಾನಕ್ಕೆ ಮಿಣುಕುತ್ತಿದ್ದದ್ದು ಫೋನ್ ಮಾಡಿದ ಕೂಡಲೇ ಆರಿಹೋಗಿ ಮತ್ತೆ ಬೇಗ ಬೇಗ ಶುರುವಾದರೆ ಮಾಡ್ಯೂಲ್ ರೀಸೆಟ್ ಆಯಿತು ಎಂದೇ ಲೆಕ್ಕ. ಅದು ಪವರ್ ಸಪ್ಲೈ ಕಾಯಿಲೆ.

ಖಾತ್ರಿ ಮಾಡಿಕೊಳ್ಳಲು ಆಸಿಲೋಸ್ಕೋಪ್ ಬೇಡ. ರಿಪೇರಿ ಮಾಡುವವರು ಫ್ಯೂಸ್ ಕಿತ್ತು, ಮಾಡ್ಯೂಲಿನ ಪವರ್ ವೈರು ಬಿಡಿಸಿ, ಚೆನ್ನಾಗಿ ಚಾರ್ಜ್ ಆದ ಒಂದು ಒಳ್ಳೆಯ ಲಿಥಿಯಂ ಸೆಲ್ಲನ್ನು ಗಿಡ್ಡ ದಪ್ಪ ವೈರಿನಲ್ಲಿ ಮಾಡ್ಯೂಲಿಗೆ ನೇರ ಕೊಟ್ಟು, ಅದೇ ತೋಟದಲ್ಲಿ ನಿಂತು ಫೋನ್ ಮಾಡಿ ನೋಡಬೇಕು. ಪ್ಲಸ್ ಮೈನಸ್ ಅದಲುಬದಲಾದರೆ ಮಾಡ್ಯೂಲ್ ಹೋಯಿತು, ಅಷ್ಟು ಜೋಪಾನ ಬೇಕು. ಸೆಲ್ಲಿನ ಮೇಲೆ ಹತ್ತು ಕರೆಗೆ ಹತ್ತೂ ನಿಂತರೆ ಮಾಡ್ಯೂಲ್ ಸರಿ ಇದೆ, ಸಿಮ್ ಸರಿ ಇದೆ, ಟವರೂ ಸಾಕಷ್ಟಿದೆ. ಸೆಲ್ಲಿನ ಮೇಲೂ ಸತ್ತರೆ ಆಗ ಮಾಡ್ಯೂಲ್ ಬದಲಾಯಿಸುವ ಮಾತು.

ಹೊಸ ಪೆಟ್ಟಿಗೆ ಕೊಳ್ಳುವವರು ಅಂಗಡಿಯಲ್ಲಿ ಎಷ್ಟು ಕರೆಗೆ ಆನ್ ಆಯಿತು ಎಂದು ನೋಡುವುದಕ್ಕಿಂತ, ಒಳಗೆ ಬ್ಯಾಟರಿ ಇದೆಯೇ, ಆಂಟೆನಾ ಹೊರಗೆ ಬರುತ್ತದೆಯೇ, ಎಷ್ಟು ಕಮ್ಮಿ ವೋಲ್ಟಿಗೆ ಓಡುತ್ತದೆ, 415ಕ್ಕೆ ನೇರ ಕಟ್ಟಬಹುದೇ ಎಂದು ಕೇಳುವುದು ಲೇಸು. ತೋಟದಲ್ಲಿ ಕಟ್ಟಿದ ಮೇಲೆ ಮೋಟ್ರು ಓಡುತ್ತಿರುವಾಗ, ಅಕ್ಕಪಕ್ಕದ ತೋಟದವರ ಮೋಟ್ರುಗಳೂ ಓಡುತ್ತಿರುವಾಗ ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿಯೇ ದುಡ್ಡು ಕೊಡಬಹುದು. ಕೆಪಾಸಿಟರ್, ಬ್ಯಾಟರಿ ಹೊಸದು ಹಾಕಿಸಿದ ತಿಂಗಳು ವರ್ಷವನ್ನು ಪೆಟ್ಟಿಗೆಯ ಬಾಗಿಲ ಒಳಮೈಗೆ ಮಾರ್ಕರಿನಲ್ಲಿ ಬರೆಸಿಡಿ. ಮೂರನೇ ಬೇಸಿಗೆಯಲ್ಲಿ ಪೆಟ್ಟಿಗೆ ಮತ್ತೆ ಒಂದೇ ರಿಂಗಿಗೆ ನಿಂತರೆ, ಬರುವ ಮೇಸ್ತ್ರಿ ಮೊದಲು ಎಲ್ಲಿ ನೋಡಬೇಕು ಎಂಬುದು ಅಲ್ಲೇ ಬರೆದಿರುತ್ತದೆ.